ಹಳೆಯ ಕಂಪ್ಯೂಟರಿಗೆ ಎಷ್ಟು ದೊಡ್ಡ ಡಿಸ್ಕ್ ಬೇಕು?

ಮುಂಬಯಿಯ ಫೋರ್ಟಿನಲ್ಲಿ, ಬೋರಿಬಂದರಿನಿಂದ ಕಾಲಾಘೋಡಾದ ವರೆಗೆ ಒತ್ತಾಗಿ ನಿಂತಿರುವ ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿ, ಸಾಲಿಸಿಟರ್ ಮತ್ತು ಮುದ್ರಣಾಲಯಗಳ ಕಚೇರಿಗಳಿಗೆ 1980ರ ದಶಕದ ನಡುವಿನಿಂದ ಬರತೊಡಗಿದ ಪಿ.ಸಿ.ಗಳು ತಮ್ಮ ಸೇವೆ ಮುಗಿಸಿದಾಗ ಹೆಚ್ಚಿನವು ಗುಜರಿಗೆ ಹೋದವು. ಕೆಲವು ಮಾತ್ರ ನೌಕರರ ಮನೆ ಸೇರಿ, ಮಕ್ಕಳ ಆಟಕ್ಕೂ ಹಿರಿಯರ ಪತ್ರ ವ್ಯವಹಾರಕ್ಕೂ ಒದಗಿ, ಕೊನೆಗೆ ಅಟ್ಟದ ಮೇಲೆ ಉಳಿದವು. ಅಂಥ ಯಂತ್ರವೊಂದನ್ನು ಇಂದು ಕೆಳಗಿಳಿಸಿ ಮತ್ತೆ ನಡೆಯುವಂತೆ ಮಾಡಬೇಕೆನ್ನುವವರಿಗೆ ವಿದ್ಯುತ್ ಪೂರೈಕೆಯ ಕೆಪಾಸಿಟರ್, ಸೋರಿದ ಬ್ಯಾಟರಿ, ಹಳದಿಗಟ್ಟಿದ ಕೀಬೋರ್ಡ್ ಇವೆಲ್ಲ ಎದುರಾದರೂ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಗುವ ಬಿಡಿಭಾಗ ಮತ್ತು ಸ್ವಲ್ಪ ಬೆಸುಗೆಯ ಕೌಶಲ ಇದ್ದರೆ ಅವು ಪರಿಹಾರವಾಗುವ ತೊಂದರೆಗಳೇ. ನಿಜವಾದ ತೀರ್ಮಾನ ಬೇಕಾಗುವುದು ಅದರ ನಂತರ: ಈ ಯಂತ್ರಕ್ಕೆ ಯಾವ ಡಿಸ್ಕ್ ಕೊಡಬೇಕು, ಅದನ್ನು ಹೇಗೆ ಫಾರ್ಮ್ಯಾಟ್ ಮಾಡಬೇಕು, ಎಷ್ಟು ಪಾರ್ಟಿಷನ್‌ಗಳಾಗಿ ಒಡೆಯಬೇಕು. ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಗಾತ್ರದಿಂದ ಆರಂಭಿಸುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ, ಈ ಡಿಸ್ಕನ್ನು ಮುಂದೆ ಯಾವ ಯಂತ್ರ ಓದಬೇಕು ಎಂಬುದು.

ಫೋರ್ಟಿನ ಮಟ್ಟಿಗೆ ಇದು ಕೇವಲ ಹವ್ಯಾಸಿಗಳ ವಿಷಯವಲ್ಲ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳ ಶಾಖೆಗಳು, ಉಡುಪಿ ಹೋಟೆಲುಗಳು, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಓದಲು ಬರುತ್ತಿದ್ದ ಹುಡುಗರ ಕನ್ನಡ ರಾತ್ರಿ ಶಾಲೆಗಳು ಇವೆಲ್ಲ ಇದ್ದ ಈ ಪ್ರದೇಶದಲ್ಲಿ ಕನ್ನಡ ಬಲ್ಲ ಗುಮಾಸ್ತರಿಗೆ ಕಂಪ್ಯೂಟರಿನ ಪರಿಚಯ ಊರಿನವರಿಗಿಂತ ಮೊದಲೇ ಆಯಿತು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳೂ ಅವುಗಳ ಹಿಂದೆಯೇ ಪಿ.ಸಿ.ಗಳೂ ಬಂದವು. ಫೋರ್ಟಿನಿಂದ ದಕ್ಷಿಣಕ್ಕೆ, ಕೊಲಾಬಾದ ತುದಿಯಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಬಳಿಕ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾಡೋಜ ಕೆ.ಪಿ. ರಾವ್ ಅವರು, ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ಉಚ್ಚಾರಣೆಯ ಕ್ರಮದಲ್ಲಿ ಕೂರಿಸಿದ ವಿನ್ಯಾಸವನ್ನೂ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ರೂಪಿಸಿ ಉಚಿತವಾಗಿ ಹಂಚಿದರು. ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಮಾನ್ಯತೆ ಪಡೆದ ಕೀಲಿಮಣೆಗೆ ಆ ವಿನ್ಯಾಸವೇ ಆಧಾರವಾಯಿತು. ಆದ್ದರಿಂದ ಮುಂಬಯಿ ಕನ್ನಡಿಗರ ಮನೆಯ ಹಳೆಯ ಪಿ.ಸಿ.ಯೊಳಗೆ ಆಟ ಮತ್ತು ಲೆಕ್ಕದ ಜೊತೆಗೆ ಸಂಘದ ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ, ಅರ್ಧಕ್ಕೆ ನಿಂತ ಯಕ್ಷಗಾನ ಪ್ರಸಂಗ ಇಂಥವೂ ಇರುವ ಸಂಭವವಿದೆ, ಮತ್ತು ಡಿಸ್ಕಿನ ಬಗ್ಗೆ ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವೂ ಅವುಗಳ ಉಳಿವಿಗೆ ಸಂಬಂಧಿಸಿದೆ.

ಫಾರ್ಮ್ಯಾಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ಕಾಂತೀಯ ಲೇಪವಿರುವ ತಟ್ಟೆಯ ಮೇಲೆ ಒಂದರೊಳಗೊಂದು ವೃತ್ತಗಳನ್ನು, ಅಂದರೆ ಟ್ರ್ಯಾಕ್‌ಗಳನ್ನು ಎಳೆದು, ಪ್ರತಿ ಟ್ರ್ಯಾಕನ್ನು ಸೆಕ್ಟರ್ ಎಂಬ ತುಂಡುಗಳಾಗಿ ಗುರುತು ಹಾಕುವುದು ಮೊದಲನೆಯದು. ಇದನ್ನು ಕೆಳಹಂತದ ಫಾರ್ಮ್ಯಾಟ್ ಎನ್ನುತ್ತಾರೆ. ಹೀಗೆ ಗುರುತಾದ ಸೆಕ್ಟರುಗಳಲ್ಲಿ ಯಾವುದು ಖಾಲಿ, ಯಾವುದು ಭರ್ತಿ, ಯಾವ ಫೈಲು ಎಲ್ಲಿಂದ ಆರಂಭವಾಗಿ ಎಲ್ಲಿ ಮುಂದುವರಿಯುತ್ತದೆ ಎಂಬ ದಾಖಲೆಯನ್ನು ತೆರೆಯುವುದು ಎರಡನೆಯದು. ಆ ಕಾಲದ ಪಿ.ಸಿ.ಗಳನ್ನು ನಡೆಸುತ್ತಿದ್ದ ಡಾಸ್ ವ್ಯವಸ್ಥೆಯಲ್ಲಿ ಈ ದಾಖಲೆಗೆ ಫೈಲ್ ಅಲೊಕೇಶನ್ ಟೇಬಲ್, ಚಿಕ್ಕದಾಗಿ ಫ್ಯಾಟ್, ಎಂದು ಹೆಸರು. ಬ್ಯಾಂಕಿನ ಹಳೆಯ ಲೆಡ್ಜರಿನಲ್ಲಿ ಒಂದು ಖಾತೆಯ ಪುಟ ತುಂಬಿದಾಗ ‘ಮುಂದಿನದು ಇಂಥ ಪುಟದಲ್ಲಿ’ ಎಂದು ಅಡಿಯಲ್ಲಿ ಬರೆಯುತ್ತಿದ್ದ ಕ್ರಮವೇ ಇಲ್ಲಿಯದೂ: ಫ್ಯಾಟ್‌ನ ಒಂದೊಂದು ನಮೂದೂ ಫೈಲಿನ ಮುಂದಿನ ತುಂಡು ಯಾವುದೆಂದು ಹೇಳುತ್ತದೆ. ಈ ತುಂಡಿಗೆ ಕ್ಲಸ್ಟರ್ ಎಂದು ಹೆಸರು. ಕೆಲವು ಸೆಕ್ಟರುಗಳು ಸೇರಿ ಒಂದು ಕ್ಲಸ್ಟರ್ ಆಗುತ್ತದೆ, ಮತ್ತು ಫೈಲು ಎಷ್ಟೇ ಚಿಕ್ಕದಾದರೂ ಒಂದು ಇಡೀ ಕ್ಲಸ್ಟರನ್ನು ಹಿಡಿದುಕೊಳ್ಳುತ್ತದೆ. ಫ್ಯಾಟ್‌ನ ಎರಡು ಪ್ರತಿಗಳನ್ನು ಡಿಸ್ಕಿನ ಆರಂಭದಲ್ಲಿಯೇ ಒಂದರ ಪಕ್ಕ ಒಂದರಂತೆ ಬರೆಯಲಾಗುತ್ತದೆ. ಒಂದೇ ಜಾಗದಲ್ಲಿಟ್ಟ ಎರಡು ಪ್ರತಿಗಳು ಒಟ್ಟಿಗೇ ಹಾಳಾಗಬಹುದೆಂಬ ಯೋಚನೆ ಅದನ್ನು ರೂಪಿಸಿದವರಿಗೆ ಬಂದಂತಿಲ್ಲ.

1981ರ ಆಗಸ್ಟಿನಲ್ಲಿ ಐ.ಬಿ.ಎಂ. ಪಿ.ಸಿ. ಹೊರಬಂದಾಗ ಅದರ ಐದೂಕಾಲು ಇಂಚಿನ ಫ್ಲಾಪಿ ಒಂದೇ ಬದಿಯಲ್ಲಿ 40 ಟ್ರ್ಯಾಕ್, ಪ್ರತಿ ಟ್ರ್ಯಾಕಿಗೆ 512 ಬೈಟಿನ 8 ಸೆಕ್ಟರ್‌ಗಳಂತೆ 160 ಕಿಲೋಬೈಟ್ ಹಿಡಿಯುತ್ತಿತ್ತು. ಮರುವರ್ಷ ಎರಡೂ ಬದಿ ಬಳಕೆಗೆ ಬಂದು 320 ಆಯಿತು. 1983ರಲ್ಲಿ ಡಾಸ್ 2.0 ಟ್ರ್ಯಾಕಿಗೆ ಒಂಬತ್ತನೆಯ ಸೆಕ್ಟರನ್ನು ಸೇರಿಸಿ ಅದನ್ನು 360 ಮಾಡಿತು. ಭಾರತದ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ಈ 360. 1984ರ ಪಿ.ಸಿ. ಎ.ಟಿ.ಯೊಂದಿಗೆ 80 ಟ್ರ್ಯಾಕು 15 ಸೆಕ್ಟರುಗಳ 1.2 ಮೆಗಾಬೈಟ್ ಫ್ಲಾಪಿ, ಡಾಸ್ 3.2ರೊಂದಿಗೆ ಮೂರೂವರೆ ಇಂಚಿನ 720 ಕಿಲೋಬೈಟ್, 1987ರ ಡಾಸ್ 3.3ರೊಂದಿಗೆ ಎಲ್ಲರೂ ಬಲ್ಲ 1.44 ಬಂದವು. ಈ 1.44 ಮೆಗಾಬೈಟ್ ಎಂಬುದು ಯಾವ ಲೆಕ್ಕಕ್ಕೂ ಸರಿಹೊಂದದ ಸಂಖ್ಯೆ. ನಿಜವಾದ 14,74,560 ಬೈಟುಗಳನ್ನು ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ ಅದು ಸಿಗುತ್ತದೆ.

360 ಮತ್ತು 1.2ರ ಫ್ಲಾಪಿಗಳು ನೋಡಲು ಒಂದೇ ಬಗೆಯಾಗಿರುವುದರಿಂದ ಹಳೆಯ ಯಂತ್ರ ಎಬ್ಬಿಸುವವರು ಎಡವುವ ಮೊದಲ ಜಾಗ ಇದು. 80 ಟ್ರ್ಯಾಕುಗಳ ಡ್ರೈವಿನ ಓದಿ ಬರೆಯುವ ತಲೆ 40 ಟ್ರ್ಯಾಕುಗಳ ಡ್ರೈವಿನದಕ್ಕಿಂತ ಸುಮಾರು ಅರ್ಧ ಅಗಲ. ಅದು 360ರ ಫ್ಲಾಪಿಯನ್ನು ಚೆನ್ನಾಗಿಯೇ ಓದುತ್ತದೆ. ಆದರೆ 360ರ ಡ್ರೈವಿರುವ ಹಳೆಯ ಪಿ.ಸಿ. ಎಕ್ಸ್.ಟಿ.ಯಲ್ಲಿ ಬರೆದ ಫ್ಲಾಪಿಯ ಮೇಲೆ ಎ.ಟಿ.ಯ 1.2 ಡ್ರೈವಿನಿಂದ ಮತ್ತೆ ಬರೆದರೆ, ಅಗಲವಾದ ಹಳೆಯ ಟ್ರ್ಯಾಕಿನ ನಡುವೆ ಕಿರಿದಾದ ಹೊಸ ಬರಹ ಮೂಡಿ, ಅದರ ಅಂಚಿನಲ್ಲಿ ಹಳೆಯ ಬರಹದ ಪಟ್ಟಿ ಅಳಿಯದೆ ಉಳಿಯುತ್ತದೆ, ಮತ್ತೆ ಎಕ್ಸ್.ಟಿ.ಗೆ ಹಾಕಿದಾಗ ಅದರ ಅಗಲ ತಲೆ ಎರಡನ್ನೂ ಒಟ್ಟಿಗೆ ಓದಿ ಯಾವುದೂ ತಿಳಿಯದೆ ಕೈಚೆಲ್ಲುತ್ತದೆ. ಎ.ಟಿ.ಯಲ್ಲಿ ಸರಿಯಾಗಿ ಕಂಡ ಫ್ಲಾಪಿ ಎಕ್ಸ್.ಟಿ.ಯಲ್ಲಿ ‘ಹಾಳು’ ಆಗುವುದು ಬಹುಮಟ್ಟಿಗೆ ಈ ಕಾರಣದಿಂದ. ಇದಕ್ಕೆ ಎರಡನೆಯ ತೊಡಕೊಂದು ಸೇರುತ್ತದೆ: 1.2ರ ಫ್ಲಾಪಿಯ ಲೇಪವನ್ನು ಕಾಂತೀಕರಿಸಲು 360ರದಕ್ಕಿಂತ ಸುಮಾರು ಎರಡರಷ್ಟು ಬಲವಾದ ಕ್ಷೇತ್ರ ಬೇಕಾಗುವುದರಿಂದ, ಬೇರೆ ಸಿಗಲಿಲ್ಲವೆಂದು 1.2ರ ಫ್ಲಾಪಿಯನ್ನು 360 ಆಗಿ ಫಾರ್ಮ್ಯಾಟ್ ಮಾಡಿದರೆ ಅದು ಇಂದು ಓದಿಸಿಕೊಂಡು ನಾಳೆ ಮರೆಯುತ್ತದೆ. ಎಕ್ಸ್.ಟಿ.ಗಾಗಿ ಬರೆಯುವ ಫ್ಲಾಪಿ 360ರದೇ ಆಗಿರಬೇಕು, ಅದನ್ನು 360ರ ಡ್ರೈವಿನಲ್ಲಿಯೇ ಫಾರ್ಮ್ಯಾಟ್ ಮಾಡಿ ಅಲ್ಲಿಯೇ ಬರೆಯಬೇಕು. ಸುರಕ್ಷಿತ ದಾರಿ ಅದೇ.

ಮುಂಬಯಿಯಲ್ಲಿ ಇದಕ್ಕೆಲ್ಲ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಮೂರೂ ಕಡೆ ಸಮುದ್ರವಿರುವ ದ್ವೀಪನಗರದಲ್ಲಿ ನಾಲ್ಕು ತಿಂಗಳ ಮಳೆಗಾಲವನ್ನು ಮತ್ತೆ ಮತ್ತೆ ಕಂಡ ಫ್ಲಾಪಿಯ ಮೇಲೆ ಬೂಷ್ಟು ಕಟ್ಟಿರುವುದು ಸಾಮಾನ್ಯ. ಐದೂಕಾಲು ಇಂಚಿನ ಫ್ಲಾಪಿಯಾದರೆ ಕಪ್ಪು ಹೊದಿಕೆಯ ನಡುವಿನ ಉದ್ದನೆಯ ಕಿಂಡಿಯನ್ನು ಓರೆಬೆಳಕಿಗೆ ಹಿಡಿದು, ನಡುತೂತಿನಲ್ಲಿ ಬೆರಳಿಟ್ಟು ಒಳಗಿನ ತಟ್ಟೆಯನ್ನು ಮೆಲ್ಲನೆ ತಿರುಗಿಸಿದರೆ, ಕಂದು ಮೇಲ್ಮೈ ಒಂದೇ ಹೊಳಪಿನಲ್ಲಿ ಸಾಗಬೇಕು. ಬೂದುಬಣ್ಣದ ಚುಕ್ಕೆಯೋ ಜೇಡರ ಬಲೆಯಂಥ ಮಸುಕೋ ಕಂಡರೆ ಆ ಫ್ಲಾಪಿಯನ್ನು ಡ್ರೈವಿಗೆ ಹಾಕಬಾರದು. ಹಾಕಿದರೆ ಬೂಷ್ಟು ತಲೆಗೆ ಮೆತ್ತಿಕೊಂಡು ಆ ಫ್ಲಾಪಿಯನ್ನೂ ಅದರ ಬಳಿಕ ಬರುವ ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ. ಹೊದಿಕೆಯ ಒಂದು ಅಂಚನ್ನು ಬಿಡಿಸಿ ತಟ್ಟೆಯನ್ನು ಹೊರತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಮೃದುವಾಗಿ ಒರೆಸಿ, ಒಣಗಿಸಿ, ಬೇರೊಂದು ಒಳ್ಳೆಯ ಹೊದಿಕೆಗೆ ಸೇರಿಸಿ ಓದಿಸಬೇಕು, ಮತ್ತು ಪ್ರತಿ ಫ್ಲಾಪಿಯ ನಂತರ ಡ್ರೈವಿನ ತಲೆಯನ್ನು ಶುಚಿ ಮಾಡಬೇಕು. ಓದಿಸುವ ಮೊದಲು ಬರೆಹ ತಡೆಯುವುದೂ ಅಗತ್ಯ: ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಬೇಕು, ಮೂರೂವರೆಯದರಲ್ಲಿ ಅದಕ್ಕೆ ತದ್ವಿರುದ್ಧವಾಗಿ ಮೂಲೆಯ ಕಿಂಡಿಯನ್ನು ತೆರೆದಿಡಬೇಕು. ವಿಂಡೋಸ್ 95ರಂಥ ವ್ಯವಸ್ಥೆ ಫ್ಲಾಪಿಯನ್ನು ಬರೇ ನೋಡಿದಾಗಲೂ ಅದರ ಮೊದಲ ಸೆಕ್ಟರಿನಲ್ಲಿ ತನ್ನ ಗುರುತನ್ನು ಬರೆದುಬಿಡುತ್ತಿದ್ದುದರಿಂದ ಈ ಎಚ್ಚರಿಕೆ ಅತಿಯಾದದ್ದೇನೂ ಅಲ್ಲ.

ಹಾರ್ಡ್‌ಡಿಸ್ಕಿನ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಸಿಕ್ಕಾಗುತ್ತದೆ. 1983ರ ಪಿ.ಸಿ. ಎಕ್ಸ್.ಟಿ.ಯಲ್ಲಿದ್ದುದು 10 ಮೆಗಾಬೈಟಿನ ಡಿಸ್ಕ್. ಅದರ ಅನಂತರದ ತದ್ರೂಪಿ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಸೀಗೇಟ್ ಎಸ್.ಟಿ.-225, 615 ಸಿಲಿಂಡರ್, 4 ತಲೆ, ಟ್ರ್ಯಾಕಿಗೆ 17 ಸೆಕ್ಟರುಗಳ 20 ಮೆಗಾಬೈಟಿನದು. ಸಿಲಿಂಡರ್ ಎಂದರೆ ಮೇಲಿಂದ ಕೆಳಕ್ಕೆ ಒಂದೇ ನೇರದಲ್ಲಿರುವ ಎಲ್ಲ ತಟ್ಟೆಗಳ ಟ್ರ್ಯಾಕುಗಳ ಗುಂಪು. ಆ ಕಾಲದ ಪ್ರೊಸೆಸರಿಗೆ ಒಂದು ಸೆಕ್ಟರನ್ನು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಹಲವು ಸೆಕ್ಟರುಗಳು ತಲೆಯ ಕೆಳಗೆ ಹಾದುಹೋಗುತ್ತಿದ್ದುದರಿಂದ, ಸೆಕ್ಟರುಗಳಿಗೆ ಸಾಲಾಗಿ ಸಂಖ್ಯೆ ಕೊಡದೆ ನಡುನಡುವೆ ಬಿಟ್ಟು ಕೊಡುತ್ತಿದ್ದರು. ಇದಕ್ಕೆ ಇಂಟರ್‌ಲೀವ್ ಎಂದು ಹೆಸರು, ಮತ್ತು ಎಕ್ಸ್.ಟಿ.ಯಲ್ಲಿ ಆರರಲ್ಲಿ ಒಂದು, ಎ.ಟಿ.ಯಲ್ಲಿ ಮೂರರಲ್ಲಿ ಒಂದು ರೂಢಿಯಲ್ಲಿತ್ತು. ಅಂಥ ಮೂಲ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಅದನ್ನು ಫಾರ್ಮ್ಯಾಟ್ ಮಾಡುವ ಯೋಚನೆಯನ್ನೇ ಬಿಟ್ಟು, ಮೊದಲು ಅದರ ಎಲ್ಲ ಸೆಕ್ಟರುಗಳ ಪ್ರತಿ ಮಾಡಿಕೊಂಡು, ನಿತ್ಯದ ಬಳಕೆಗೆ ಬೇರೆ ಡಿಸ್ಕ್ ಹುಡುಕುವುದು ವಿವೇಕ.

ಆ ಬೇರೆ ಡಿಸ್ಕ್ ಇಂದು ಸಾಮಾನ್ಯವಾಗಿ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಅದು ಹಾರ್ಡ್‌ಡಿಸ್ಕಿನ ಐ.ಡಿ.ಇ. ಭಾಷೆಯನ್ನೇ ಆಡುವುದರಿಂದ ಎ.ಟಿ. ಮತ್ತು ಅದರ ಮುಂದಿನ ಯಂತ್ರಗಳಿಗೆ ಸರಳವಾದ ಅಡಾಪ್ಟರ್ ಸಾಕು, ಎಕ್ಸ್.ಟಿ.ಯ 8 ಬಿಟ್ ಸ್ಲಾಟಿಗಾದರೆ ಹವ್ಯಾಸಿಗಳೇ ರೂಪಿಸಿದ ಎಕ್ಸ್.ಟಿ.-ಐ.ಡಿ.ಇ. ಎಂಬ ಕಾರ್ಡು ಬೇಕು. ಅಂಗಡಿಯಲ್ಲಿ 8 ಅಥವಾ 16 ಗಿಗಾಬೈಟಿನ ಕಾರ್ಡು ಸಲೀಸಾಗಿ ಸಿಗುವಾಗ ಅದನ್ನೇ ತಂದು ಪೂರ್ತಿ ಬಳಸಬೇಕೆಂಬ ಆಸೆ ಸಹಜ, ಆದರೆ ಹಳೆಯ ಯಂತ್ರದ ಮಟ್ಟಿಗೆ ಅದು ಅನರ್ಥಕ್ಕೆ ದಾರಿ. ಡಿಸ್ಕಿನ ಮೊದಲ ಸೆಕ್ಟರಿನ ಕೊನೆಯಲ್ಲಿ 64 ಬೈಟುಗಳ ಪಾರ್ಟಿಷನ್ ಪಟ್ಟಿ ಇದೆ. ಒಂದು ನಮೂದಿಗೆ 16 ಬೈಟುಗಳಂತೆ ಅದರಲ್ಲಿ ನಾಲ್ಕೇ ನಮೂದುಗಳಿಗೆ ಜಾಗ. ಪಾರ್ಟಿಷನ್ ಎಂದರೆ ಹೀಗೆ ಆರಂಭ ಮತ್ತು ಅಳತೆ ಗೊತ್ತುಮಾಡಿ ಪ್ರತ್ಯೇಕ ಡ್ರೈವಿನಂತೆ ಕಾಣಿಸುವ ಡಿಸ್ಕಿನ ಭಾಗ. ಡಾಸ್ 3.3ರ ವರೆಗೆ ಸೆಕ್ಟರುಗಳನ್ನು 16 ಬಿಟ್ ಸಂಖ್ಯೆಯಿಂದ ಎಣಿಸುತ್ತಿದ್ದುದರಿಂದ ಒಂದು ಪಾರ್ಟಿಷನ್ 32 ಮೆಗಾಬೈಟನ್ನು ಮೀರುವಂತಿರಲಿಲ್ಲ. ಅದಕ್ಕಿಂತ ದೊಡ್ಡ ಡಿಸ್ಕಾದರೆ ಉಳಿದದ್ದನ್ನು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ, ಅದರೊಳಗೆ 32ರ ಒಳಗಿನ ಡ್ರೈವುಗಳಾಗಿ ಒಡೆಯಬೇಕಿತ್ತು. 1988ರ ಡಾಸ್ 4 ಈ ಮಿತಿಯನ್ನು ದಾಟಿದರೂ ತನ್ನ ತಪ್ಪುಗಳಿಂದ ಹೆಸರು ಕೆಡಿಸಿಕೊಂಡಿತು. 1991ರ ಡಾಸ್ 5 ಮತ್ತು 1994ರ 6.22 ಹೆಚ್ಚು ನೆಚ್ಚಬಹುದಾದವು, ಮತ್ತು ಅವುಗಳಲ್ಲಿ ಒಂದು ಪಾರ್ಟಿಷನ್ 2 ಗಿಗಾಬೈಟ್ ವರೆಗೆ ಬೆಳೆಯಬಹುದು.

ಬೆಳೆಯಬಹುದು ಎಂಬ ಮಾತ್ರಕ್ಕೆ ಬೆಳೆಸಬೇಕಾಗಿಲ್ಲ. 16 ಬಿಟ್‌ನ ಫ್ಯಾಟ್‌ನಲ್ಲಿ ಸುಮಾರು 65 ಸಾವಿರ ಕ್ಲಸ್ಟರುಗಳಿಗಷ್ಟೇ ಎಡೆಯಿರುವುದರಿಂದ ಪಾರ್ಟಿಷನ್ ದೊಡ್ಡದಾದಂತೆ ಕ್ಲಸ್ಟರೂ ದೊಡ್ಡದಾಗಬೇಕು: 128 ಮೆಗಾಬೈಟಿನ ವರೆಗೆ 2 ಕಿಲೋಬೈಟ್ ಇದ್ದದ್ದು 256ರ ವರೆಗೆ 4, 512ರ ವರೆಗೆ 8 ಹೀಗೆ ಏರುತ್ತ 2 ಗಿಗಾಬೈಟಿಗೆ 32 ಕಿಲೋಬೈಟ್ ಆಗುತ್ತದೆ. 3 ಕಿಲೋಬೈಟಿನ ಒಂದು ಪತ್ರ ಚಿಕ್ಕ ಪಾರ್ಟಿಷನ್ನಿನಲ್ಲಿ 4 ಕಿಲೋಬೈಟ್ ಹಿಡಿದರೆ ದೊಡ್ಡದರಲ್ಲಿ 32ನ್ನು ನುಂಗುತ್ತದೆ. ಜಾಗದ ಈ ಪೋಲು ಇಂದಿನ ಕಾರ್ಡುಗಳ ಕಾಲದಲ್ಲಿ ಯಾರನ್ನೂ ಬಾಧಿಸದು ಎಂದು ವಾದಿಸಬಹುದು, ಆದರೆ ತುಂಬಿದ ಫ್ಯಾಟ್‌ನ ಒಂದು ಪ್ರತಿಯೇ 128 ಕಿಲೋಬೈಟ್ ಇರುತ್ತದೆ, ಮತ್ತು ಖಾಲಿ ಜಾಗ ಎಷ್ಟೆಂದು ತಿಳಿಸಲು ಡಾಸ್ ಅದನ್ನು ಮೊದಲಿನಿಂದ ಕೊನೆಯವರೆಗೆ ಎಣಿಸಬೇಕಾಗುತ್ತದೆ. 8088 ಪ್ರೊಸೆಸರಿನ ಎಕ್ಸ್.ಟಿ.ಯಲ್ಲಿ ಯಂತ್ರ ಚಾಲೂ ಮಾಡಿ ಮೊದಲ ಬಾರಿ ಫೈಲುಗಳ ಪಟ್ಟಿ ಕೇಳಿದಾಗ ಯಂತ್ರ ನಿಂತೇಹೋಯಿತೇನೋ ಅನ್ನಿಸುವಷ್ಟು ಹೊತ್ತು ಕಾಯಬೇಕಾಗುವುದು ಇದರಿಂದಲೇ. ಎಕ್ಸ್.ಟಿ.ಗೆ ಡಾಸ್ 3.3 ಇರುವುದಾದರೆ 32 ಮೆಗಾಬೈಟಿನ ಒಂದು ಅಥವಾ ಎರಡು ಪಾರ್ಟಿಷನ್‌ಗಳು ಧಾರಾಳವಾದವು. 286 ಮತ್ತು 386 ಪ್ರೊಸೆಸರಿನ ಯಂತ್ರಗಳಿಗೆ ಡಾಸ್ 5 ಅಥವಾ 6.22ರೊಂದಿಗೆ 128ರ ಒಳಗಿನ ಎರಡು ಮೂರು ಪಾರ್ಟಿಷನ್‌ಗಳಿದ್ದರೆ ಮನೆಯ ಬಳಕೆಗೆ ಕೊರತೆಯೇ ಇರದು. ಕಾರ್ಡಿನ ಉಳಿದ ಜಾಗವನ್ನು ಮುಟ್ಟದೆ ಬಿಡುವುದರಲ್ಲಿ ನಷ್ಟವೇನೂ ಇಲ್ಲ.

ಡಾಸ್‌ಗಿಂತ ಕೆಳಗೆ, ಯಂತ್ರ ಚಾಲೂ ಆದೊಡನೆ ಮೊದಲು ಓಡುವ ಬಯೋಸ್‌ನಲ್ಲಿ ಇನ್ನೊಂದು ಮಿತಿ ಅಡಗಿದೆ. ಹಳೆಯ ಬಯೋಸ್ ಮತ್ತು ಐ.ಡಿ.ಇ. ಎರಡರ ಮಿತಿಗಳೂ ಸೇರಿ 1024 ಸಿಲಿಂಡರ್, 16 ತಲೆ, 63 ಸೆಕ್ಟರುಗಳಿಗೆ, ಅಂದರೆ 504 ಮೆಗಾಬೈಟಿಗೆ ಗೆರೆ ಎಳೆಯುತ್ತವೆ. ಇನ್ನೂ ಹಳೆಯ 286ಗಳಲ್ಲಿ ಡಿಸ್ಕಿನ ಅಳತೆಯನ್ನು ಕೈಯಾರೆ ಬರೆಯುವ ಅವಕಾಶವೇ ಇರಲಿಲ್ಲ. ಸಿದ್ಧ ಪಟ್ಟಿಯೊಂದರಲ್ಲಿ ಟೈಪ್ 1, ಟೈಪ್ 2 ಎಂದು ಆಯ್ದುಕೊಳ್ಳಬೇಕಿತ್ತು, ಮತ್ತು ಟೈಪ್ 2 ಎಂದರೆ 615 ಸಿಲಿಂಡರುಗಳ ಆ 20 ಮೆಗಾಬೈಟಿನ ಡಿಸ್ಕೇ. ‘ಟೈಪ್ 47’ ಎಂಬ ಬಳಕೆದಾರರ ಆಯ್ಕೆ ಕೆಲವು ಬಯೋಸ್‌ಗಳಿಗೆ ಆಮೇಲೆ ಬಂತು. ಇದರ ಜೊತೆಗೆ, ಹೊಸ ಕಂಪ್ಯೂಟರಿನಲ್ಲಿ ಕಾರ್ಡನ್ನು ಪಾರ್ಟಿಷನ್ ಮಾಡಿದರೆ ಅದು ಡಿಸ್ಕಿನ ತಲೆ ಮತ್ತು ಸೆಕ್ಟರುಗಳ ಲೆಕ್ಕವನ್ನು ತನ್ನದೇ ರೀತಿಯಲ್ಲಿ ಬರೆದಿಡುತ್ತದೆ. ಹಳೆಯ ಬಯೋಸ್ ಅದೇ ಕಾರ್ಡನ್ನು ಬೇರೆ ಲೆಕ್ಕದಲ್ಲಿ ನೋಡಿದಾಗ ಫೈಲುಗಳಿದ್ದೂ ಯಂತ್ರ ಬೂಟ್ ಆಗುವುದಿಲ್ಲ. ಆದ್ದರಿಂದ ಕಾರ್ಡು ಯಾವ ಯಂತ್ರದಲ್ಲಿ ನಡೆಯಬೇಕೋ ಅದೇ ಯಂತ್ರದಲ್ಲಿ, ಅದೇ ಡಾಸ್‌ನ ಎಫ್‌ಡಿಸ್ಕ್ ಮತ್ತು ಫಾರ್ಮ್ಯಾಟ್ ಆದೇಶಗಳಿಂದ ಅದನ್ನು ಸಿದ್ಧಪಡಿಸಬೇಕು. ಡಾಸ್ 6ರೊಂದಿಗೆ ಬಂದ, ಡಿಸ್ಕಿನ ಜಾಗವನ್ನು ಇಮ್ಮಡಿ ಮಾಡುವ ಭರವಸೆಯ ಡಬಲ್‌ಸ್ಪೇಸ್ ಮತ್ತು ಅದರ ತಮ್ಮ ಡ್ರೈವ್‌ಸ್ಪೇಸ್ ಇಡೀ ಡ್ರೈವನ್ನು ಒಂದೇ ಅಡಗಿದ ಫೈಲಾಗಿ ಹಿಂಡಿಬಿಡುವುದರಿಂದ ಅವನ್ನು ದೂರವಿಡುವುದೇ ಲೇಸು.

ಪಾರ್ಟಿಷನ್ ಪಟ್ಟಿಯ ಮಾತು ಬಂದಾಗ ಭಾರತದ್ದೇ ಆದ ಒಂದು ಕಥೆಯನ್ನು ಬಿಡಲಾಗದು. 1990ರಲ್ಲಿ ಕಾಣಿಸಿಕೊಂಡ ‘ಜೋಶಿ’ ಎಂಬ ವೈರಸ್ ಫ್ಲಾಪಿಯ ಬೂಟ್ ಸೆಕ್ಟರನ್ನೂ ಹಾರ್ಡ್‌ಡಿಸ್ಕಿನ ಪಾರ್ಟಿಷನ್ ಪಟ್ಟಿಯಿರುವ ಸೆಕ್ಟರನ್ನೂ ಹಿಡಿಯುತ್ತಿತ್ತು, ಮತ್ತು ಪ್ರತಿ ಜನವರಿ 5ರಂದು ಯಂತ್ರವನ್ನು ತಡೆದು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಬರೆದ ಮೇಲಷ್ಟೇ ಬಿಡುತ್ತಿತ್ತು. ಫ್ಲಾಪಿಯಲ್ಲಿ ಅಡಗಲು ಅದು ಮಾಡುತ್ತಿದ್ದ ಉಪಾಯ ನಾಜೂಕಿನದು: ಡಾಸ್ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಹೆಚ್ಚುವರಿ ಟ್ರ್ಯಾಕನ್ನು ತಾನೇ ಫಾರ್ಮ್ಯಾಟ್ ಮಾಡಿ ಅಲ್ಲಿ ತನ್ನ ಭಾಗವನ್ನು ಇಡುತ್ತಿತ್ತು. ಕೈಯಿಂದ ಕೈಗೆ ಹೋದ ಫ್ಲಾಪಿಗಳಲ್ಲಿ ಇಂಥದ್ದು ಇಂದಿಗೂ ಉಳಿದಿರಬಹುದಾದ್ದರಿಂದ, ಪೆಟ್ಟಿಗೆಯಲ್ಲಿ ಸಿಕ್ಕ ಫ್ಲಾಪಿಯನ್ನು ಡ್ರೈವಿನಲ್ಲಿಟ್ಟು ಯಂತ್ರ ಚಾಲೂ ಮಾಡುವ ಪದ್ಧತಿ ಬೇಡ.

ಕನ್ನಡದ ಫೈಲುಗಳಿರುವ ಡಿಸ್ಕಿಗೆ ಇಷ್ಟು ಎಚ್ಚರ ಸಾಲದು. ಇಂಗ್ಲಿಷಿನ ಪತ್ರವನ್ನು ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ನಕಲು ಮಾಡಿದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಏಕೆಂದರೆ ಅದರ ಸಂಕೇತ ಎಲ್ಲೆಡೆ ಒಂದೇ. ಕನ್ನಡಕ್ಕೆ 1980 ಮತ್ತು 1990ರ ದಶಕಗಳಲ್ಲಿ ಎರಡು ಬೇರೆ ದಾರಿಗಳಿದ್ದವು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಬಳಸಿದವರ ಬರಹ ಇಸ್ಕಿ ಎಂಬ, 1991ರಲ್ಲಿ ಭಾರತೀಯ ಮಾನಕವಾದ ಸಂಕೇತದಲ್ಲಿದೆ. ಅಕ್ಷರದ ಚಿತ್ರಗಳು ಕಾರ್ಡಿನೊಳಗಿದ್ದವಾದರೂ ಡಿಸ್ಕಿನಲ್ಲಿರುವ ಬೈಟುಗಳಿಗೆ ನಿಶ್ಚಿತ ಅರ್ಥವಿರುವುದರಿಂದ ಅದನ್ನು ಇಂದಿನ ಯೂನಿಕೋಡಿಗೆ ತರುವುದು ಕಷ್ಟವಲ್ಲ. ಡಿ.ಟಿ.ಪಿ.ಗಾಗಿ ಬಂದ ಹೆಚ್ಚಿನ ತಂತ್ರಾಂಶಗಳಾದರೋ ಅಕ್ಷರದ ಬದಲು ಅಕ್ಷರದ ತುಣುಕುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ತಮಗೆ ತೋಚಿದ ಸಂಖ್ಯೆಗಳಲ್ಲಿ ಉಳಿಸಿದವು. ಒಂದು ಕಂಪನಿಯ ತಂತ್ರಾಂಶದಲ್ಲಿ ‘ಕ’ ಆಗಿದ್ದ ಸಂಖ್ಯೆ ಇನ್ನೊಂದರಲ್ಲಿ ಬೇರೇನೋ. ಆ ಫಾಂಟ್ ಇಲ್ಲದೆ ಆ ಫೈಲು ಬರೇ ಕಸ. ‘ಬರಹ’, ‘ನುಡಿ’ ತಂತ್ರಾಂಶಗಳ ಕಾಲದ ಫಾಂಟ್‌ಗಳಿಗೆ ಪರಿವರ್ತಕಗಳಿವೆ; ಅವುಗಳಿಗಿಂತ ಹಿಂದಿನ ಎಲ್ಲಕ್ಕೂ ಇಲ್ಲ.

ಇದರ ಫಲವಾಗಿ, ಬೇಕಾದ ಫೈಲುಗಳನ್ನಷ್ಟೇ ನಕಲು ಮಾಡಿಕೊಂಡು ಹಳೆಯ ಪಾರ್ಟಿಷನ್ನನ್ನು ಅಳಿಸುವುದು ಕನ್ನಡದ ಮಟ್ಟಿಗೆ ಬೀಗದ ಕೈಯನ್ನು ಕಸಕ್ಕೆಸೆದು ಪೆಟ್ಟಿಗೆಯನ್ನು ಕಾಪಾಡಿದ ಕೆಲಸವಾಗುತ್ತದೆ. ಫೈಲು, ಅದನ್ನು ಬರೆದ ತಂತ್ರಾಂಶ, ಅದರ ಫಾಂಟು, ಮುದ್ರಕದ ಡ್ರೈವರು ಇವೆಲ್ಲ ಒಂದೇ ಪಾರ್ಟಿಷನ್ನಿನ ಬೇರೆ ಬೇರೆ ಮೂಲೆಗಳಲ್ಲಿ ಇರುತ್ತವೆ, ಕೆಲವು ತಂತ್ರಾಂಶಗಳು ತಾವಿರುವ ಡ್ರೈವಿನ ಅಕ್ಷರವನ್ನೂ ಬರೆದಿಟ್ಟುಕೊಂಡಿರುತ್ತವೆ. ಎರಡನೆಯ ಹಾರ್ಡ್‌ಡಿಸ್ಕ್ ಜೋಡಿಸಿದೊಡನೆ ಡಾಸ್ ಅದರ ಮೊದಲ ಪಾರ್ಟಿಷನ್ನಿಗೆ ‘ಡಿ’ ಎಂಬ ಹೆಸರು ಕೊಟ್ಟು, ಮೊದಲ ಡಿಸ್ಕಿನ ‘ಡಿ’ಯನ್ನು ‘ಇ’ಗೆ ತಳ್ಳುವುದರಿಂದ, ನಿನ್ನೆಯವರೆಗೆ ನಡೆದ ತಂತ್ರಾಂಶ ಇಂದು ತನ್ನ ಫಾಂಟುಗಳನ್ನೇ ಕಾಣದೆ ನಿಲ್ಲುವುದುಂಟು. ನಕಲು ತಡೆಗಾಗಿ ಡಿಸ್ಕಿನ ನಿರ್ದಿಷ್ಟ ಜಾಗದಲ್ಲಿ ಅಡಗಿದ ಫೈಲಿಟ್ಟು, ಅದು ಅಲ್ಲಿಯೇ ಇದೆಯೇ ಎಂದು ಪರೀಕ್ಷಿಸುತ್ತಿದ್ದ ತಂತ್ರಾಂಶಗಳೂ ಆ ಕಾಲದಲ್ಲಿದ್ದವು; ಅವು ಫೈಲುಗಳ ನಕಲಿಗೆ ಜಗ್ಗುವುದಿಲ್ಲ. ಆದ್ದರಿಂದ ಪಾರ್ಟಿಷನ್ನನ್ನು ಫೈಲುಗಳ ಗುಂಪೆಂದು ನೋಡದೆ ಒಂದೇ ದಾಖಲೆಯೆಂದು ಎಣಿಸಿ, ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದಂತೆಯೇ ಇಮೇಜ್ ಎಂಬ ಒಂದು ಫೈಲಾಗಿ ಇಳಿಸಬೇಕು. ಯಂತ್ರದ ಹಿಂದೆ, ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸಿದ ಚಿಕ್ಕ ಡಬ್ಬಿಯಂಥದ್ದು ಕಂಡರೆ ಅದು ತಂತ್ರಾಂಶದ ಹಾರ್ಡ್‌ವೇರ್ ಲಾಕ್. ಅದನ್ನೂ ಗುಜರಿಗೆ ಹಾಕದೆ ಡಿಸ್ಕಿನ ಜೊತೆಗೇ ಇಡಬೇಕು.

ಪಿ.ಸಿ.ಯ ಆಚೆಗೂ ಭಾರತದಲ್ಲಿ ಒಂದು ಯಂತ್ರ ಮಕ್ಕಳ ನೆನಪಿನಲ್ಲಿ ಉಳಿದಿದೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಆರಂಭದಲ್ಲಿ 250 ಶಾಲೆಗಳಿಗೆ ಕೊಟ್ಟದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮೈಕ್ರೊ; ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಅದನ್ನು ‘ಯುನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಅದರಲ್ಲಿ ಪಾರ್ಟಿಷನ್ನಿನ ಗೊಡವೆ ಇಲ್ಲ, ಆದರೆ ಡಿ.ಎಫ್.ಎಸ್. ಮತ್ತು ಎ.ಡಿ.ಎಫ್.ಎಸ್. ಎಂಬ ಎರಡು ಫೈಲು ವ್ಯವಸ್ಥೆಗಳಲ್ಲಿ ಒಂದನ್ನು ಆರಿಸಬೇಕು. ಡಿ.ಎಫ್.ಎಸ್. 256 ಬೈಟಿನ ಸೆಕ್ಟರುಗಳಲ್ಲಿ, 40 ಟ್ರ್ಯಾಕಾದರೆ ಬದಿಗೆ 100, 80 ಟ್ರ್ಯಾಕಾದರೆ 200 ಕಿಲೋಬೈಟ್ ಹಿಡಿಯುತ್ತದೆ. ಒಂದು ಬದಿಯಲ್ಲಿ 31 ಫೈಲುಗಳಿಗೆ ಮಾತ್ರ ಎಡೆ, ಹೆಸರಿಗೆ ಏಳೇ ಅಕ್ಷರ, ಫ್ಲಾಪಿಯ ಎರಡು ಬದಿಗಳೂ ಬೇರೆ ಬೇರೆ ಡ್ರೈವುಗಳಂತೆ ಕಾಣುತ್ತವೆ. ಎ.ಡಿ.ಎಫ್.ಎಸ್. 640 ಕಿಲೋಬೈಟ್ ಕೊಡುತ್ತದೆ, ಫೋಲ್ಡರಿನೊಳಗೆ ಫೋಲ್ಡರ್ ಮಾಡಲು ಬಿಡುತ್ತದೆ. ಕಾಗದದ ಮೇಲೆ ಎರಡನೆಯದೇ ಮೇಲು. ಆದರೆ 32 ಕಿಲೋಬೈಟಿನ ಈ ಯಂತ್ರದಲ್ಲಿ ಫೈಲು ವ್ಯವಸ್ಥೆ ತನ್ನ ಕೆಲಸಕ್ಕೆ ನೆನಪಿನ ಕೋಶವನ್ನೂ ಪಡೆಯುತ್ತದೆ: ಬೇಸಿಕ್ ಪ್ರೋಗ್ರಾಮಿಗೆ ಸಿಗಬೇಕಾದ ಜಾಗದಲ್ಲಿ ಡಿ.ಎಫ್.ಎಸ್. 2,816 ಬೈಟುಗಳನ್ನೂ ಎ.ಡಿ.ಎಫ್.ಎಸ್. 3,840 ಬೈಟುಗಳನ್ನೂ ತೆಗೆದುಕೊಳ್ಳುವುದರಿಂದ, ಟೇಪಿಗಾಗಿ ಬರೆದ ಎಷ್ಟೋ ಪ್ರೋಗ್ರಾಮುಗಳು ಫ್ಲಾಪಿಯಿಂದ ಏರಿಸಿದಾಗ ಓಡುವುದಿಲ್ಲ. ಶಾಲೆಯ ಕಾಲದ ಪಾಠ ಮತ್ತು ಆಟಗಳನ್ನು ಮತ್ತೆ ನೋಡಬೇಕೆನ್ನುವವರಿಗೆ, ಆ ಕಾಲದ ಪ್ರೋಗ್ರಾಮುಗಳು ಹೆಚ್ಚಾಗಿ ಇರುವುದು ಅದರಲ್ಲೇ ಆದ್ದರಿಂದ, ಇಕ್ಕಟ್ಟಾದ ಡಿ.ಎಫ್.ಎಸ್. ಒಪ್ಪುವ ಆಯ್ಕೆ.

ಪಿ.ಸಿ., ಬಿ.ಬಿ.ಸಿ. ಮೈಕ್ರೊ ಎರಡೂ ಬಗೆಯ ಯಂತ್ರಗಳಿಗೆ ಈಗ ಗೋಟೆಕ್ ಎಂಬ, ಫ್ಲಾಪಿ ಡ್ರೈವಿನಂತೆಯೇ ನಟಿಸುವ ಪೆಟ್ಟಿಗೆ ಸಿಗುತ್ತದೆ; ಪೆನ್‌ಡ್ರೈವಿನಲ್ಲಿರುವ ಇಮೇಜುಗಳನ್ನು ಅದು ಯಂತ್ರಕ್ಕೆ ಫ್ಲಾಪಿಗಳಂತೆ ತೋರಿಸುತ್ತದೆ. ಮೂಲ ಫ್ಲಾಪಿಗಳನ್ನು ಇಳಿಸಿಕೊಳ್ಳಲು ಯು.ಎಸ್.ಬಿ. ಫ್ಲಾಪಿ ಡ್ರೈವ್ ಸಾಕೆಂದು ಭಾವಿಸುವವರುಂಟು, ಆದರೆ ಅದು ಮೂರೂವರೆ ಇಂಚಿನ ಡಾಸ್ ಫ್ಲಾಪಿಗಷ್ಟೇ ಸೀಮಿತ. ಐದೂಕಾಲು ಇಂಚಿನದಕ್ಕೂ ಏಕಾರ್ನಿನದಕ್ಕೂ ಹಳೆಯ ಡ್ರೈವನ್ನೇ ಗ್ರೀಸ್‌ವೀಸಲ್‌ನಂಥ ಫಲಕದ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಬೇಕು. ಈ ಫಲಕ ಸೆಕ್ಟರುಗಳ ಅರ್ಥ ಹುಡುಕುವ ಗೋಜಿಗೆ ಹೋಗದೆ ಮೇಲ್ಮೈಯ ಕಾಂತೀಯ ಬದಲಾವಣೆಗಳನ್ನೇ ದಾಖಲಿಸುವುದರಿಂದ, ಯಾವ ಫಾರ್ಮ್ಯಾಟ್ ಎಂದು ಗೊತ್ತಿಲ್ಲದ ಫ್ಲಾಪಿಯನ್ನೂ ಇಂದು ಉಳಿಸಿಟ್ಟು ನಾಳೆ ಬಿಡಿಸಬಹುದು.

ಮೂರೂವರೆ ಇಂಚಿನ ಫ್ಲಾಪಿಯನ್ನು ಮೊದಲು ತಂದ ಸೋನಿ ಕಂಪನಿಯೇ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು; ಈಗ ಮನೆಗಳಲ್ಲಿ ಉಳಿದಿರುವ ಫ್ಲಾಪಿಗಳಿಗೆ ಬದಲಿ ಬರುವುದಿಲ್ಲ. ಫೋರ್ಟಿನ ಕಚೇರಿಯಿಂದ ಬಂದ ಪಿ.ಸಿ.ಯೋ, ಸಂಘದ ಕಪಾಟಿನ ಫ್ಲಾಪಿ ಪೆಟ್ಟಿಗೆಯೋ ಯಾರ ಬಳಿಯಾದರೂ ಇದ್ದರೆ, ಫಾರ್ಮ್ಯಾಟ್ ಎಂಬ ಆದೇಶವನ್ನು ಬರೆಯುವ ಮೊದಲು ಇಡೀ ಡಿಸ್ಕಿನ ಎರಡು ಇಮೇಜುಗಳನ್ನು ಎರಡು ಬೇರೆ ಕಡೆ ಇಟ್ಟು, ಯಂತ್ರ ಯಾವುದು, ಡಾಸ್ ಎಷ್ಟನೆಯದು, ಕನ್ನಡ ತಂತ್ರಾಂಶ ಯಾವುದು ಎಂಬ ಮೂರು ವಿವರಗಳನ್ನು ಅವುಗಳ ಜೊತೆಗೆ ಬರೆದಿಡಬೇಕು; ಹೊಸ ಕಾರ್ಡಿನ ಪಾರ್ಟಿಷನ್ ಎಷ್ಟು ದೊಡ್ಡದಿರಬೇಕೆಂಬ ಚರ್ಚೆಯನ್ನು ಅದಾದ ಮೇಲೆ ನಿಧಾನವಾಗಿ ಮಾಡಬಹುದು.